ಚೀಟಿ ಕೊಟ್ಟ ಹುಡುಗ

ಷಡಕ್ಷರಿ ತನ್ನ ಜೀವನದಲ್ಲಿ ಹೇಳಿದ ಅತಿ ಚಿಕ್ಕ ಸುಳ್ಳು "ಹೂಂ" ಅನ್ನುವುದು. ಹೇಳಿ ನಲವತ್ತೊಂದು ವರ್ಷವಾಗಿತ್ತು.

ಹೇಳಿದ್ದು ಹುಲಿಯೂರುದುರ್ಗದಲ್ಲಿ, ಹೆಣ್ಣು ನೋಡಲು ಹೋದಾಗ. ಸಂಬಂಧ ತಂದಿದ್ದ ತಿಪ್ಪಯ್ಯ ಎರಡನೇ ಸಲ ಉಪ್ಪಿಟ್ಟು ಹಾಕಿಸಿಕೊಂಡ ಖುಷಿಯಲ್ಲಿ, "ನಮ್ಮ ಹುಡುಗನ್ನ ಸಾಮಾನ್ಯ ಅನ್ಕೋಬೇಡಿ. 'ಯಾರ ಚೀಟಿ ಯಾರಿಗೆ' ಪಿಚ್ಚರಲ್ಲಿ ಲವ್ ಲೆಟರ್ ಕೊಡೋ ಮಗು ಬರುತ್ತಲ್ಲ, ಅದು ಇವ್ನೇ" ಅಂತ ಬಿಟ್ಟುಬಿಟ್ಟ. ಷಡಕ್ಷರಿ ಆ ಪಿಚ್ಚರನ್ನೇ ನೋಡಿರಲಿಲ್ಲ. ಅವನ ಊರು ಹಾಗಲವಾಡಿಗೆ ಅದು ಬಂದೇ ಇರಲಿಲ್ಲ. ಅಲ್ಲ ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ, ಅಲ್ಲಿವರೆಗೂ ನೆಲ ನೋಡುತ್ತಿದ್ದ ಹುಡುಗಿ ಉಮಾಮಹೇಶ್ವರಿ ತಟ್ಟನೆ ತಲೆ ಎತ್ತಿ, ಕಣ್ಣರಳಿಸಿ, "ಹೌದಾ?" ಅಂದಳು.

ಆ ಕಣ್ಣು ನೋಡಿ "ಹೂಂ" ಅಂದ. ಮದುವೆಯಾಯಿತು.

ಆ ಕಪ್ಪು-ಬಿಳುಪು ಪಿಚ್ಚರಿನ ಒಂದು ಪ್ರತಿಯೂ ಉಳಿದಿಲ್ಲ ಎಂಬ ಸುದ್ದಿಯೇ ಅವನ ಸಂಸಾರಕ್ಕೆ ಆಧಾರ. ಮನೆಗೆ ಯಾರೇ ಬರಲಿ ಉಮಾ, "ನಮ್ಮನೆಯವ್ರು ಚಿಕ್ಕೋರಿದ್ದಾಗ ಪಿಚ್ಚರಲ್ಲಿ ಮಾಡಿದ್ರು" ಅನ್ನುತ್ತಿದ್ದಳು. ಆಗೆಲ್ಲ ಅವನು ಫ್ಯಾನು ತಿರುಗುವುದನ್ನು ನೋಡುತ್ತಿದ್ದ.

ಈ ಭಾನುವಾರ ಬೆಳಿಗ್ಗೆ ಬಟವಾಡಿ ಬಡಾವಣೆಯ ತಮ್ಮ ಮನೆಯಲ್ಲಿ ಎರಡನೇ ಇಡ್ಲಿ ಮುರಿಯುತ್ತಿದ್ದಾಗ ಪಕ್ಕದ ಮನೆಯ ಅಬ್ದುಲ್ ರಶೀದ್ ಮೊಬೈಲ್ ಹಿಡಿದು ಓಡಿ ಬಂದ. ಅವನದು ಬ್ಯಾಗಿನ ಅಂಗಡಿ. ಬೇರೆಯವರ ಸಂತೋಷಕ್ಕಾಗಿ ಅಂಗಡಿ ಮುಚ್ಚುವ ಜಾತಿಯ ಮನುಷ್ಯ.

"ಸಾರ್! ನಿಮ್ ಪಿಚ್ಚರ್ ಸಿಕ್ತು!"

"ಯಾವ್ದು?"

"ಅದೇ ಸಾರ್, 'ಯಾರ ಚೀಟಿ'! ಯಾರ್ದೋ ಗೋಡೌನಲ್ಲಿ ಡಬ್ಬ ಸಿಕ್ತಂತೆ. ಕ್ಲೀನ್ ಮಾಡಿ ಇವತ್ತು ನಾಲ್ಕು ಗಂಟೆಗೆ ಗುಬ್ಬೀಲಿ ಹಾಕ್ತಾರೆ. ನಾನೇ ಫೋನ್ ಮಾಡ್ದೆ. ಆ ಮಗು ನಮ್ ಪಕ್ಕದ್ ಮನೇಲೇ ಇದಾರೆ ಅಂದೆ. ನೀವೇ ಚೀಫ್ ಗೆಸ್ಟು!"

ಇಡ್ಲಿ ಗಂಟಲಲ್ಲಿ ಪೋಲೀಸಿನವನ ಹಾಗೆ ಅಡ್ಡ ನಿಂತಿತು. ಉಮಾ ನೀರು ಕೊಟ್ಟು ಬೆನ್ನು ತಟ್ಟಿದಳು. "ಎಷ್ಟ್ ಖುಷಿ ನೋಡಿ ಇವ್ರಿಗೆ, ಮಾತೇ ಹೊರಡ್ತಿಲ್ಲ" ಅಂದಳು.

ಹತ್ತು ಗಂಟೆಗೆ ಷಡಕ್ಷರಿಗೆ ಹೊಟ್ಟೆನೋವು ಬಂತು. ಅರ್ಧ ನಾಟಕ, ಅರ್ಧ ನಿಜ. ರಶೀದನ ಹೆಂಡತಿ ತಾಜುನ್ನೀಸಾ ಓಮದ ಕಷಾಯ ತಂದು, "ಕುಡೀರಿ ಅಣ್ಣಾ, ನೀವಿಲ್ದೆ ಫಂಕ್ಷನ್ ಆಗುತ್ತಾ?" ಅಂತ ಲೋಟ ಖಾಲಿಯಾಗುವವರೆಗೂ ಕದಲಲಿಲ್ಲ. ಅದರ ಖಾರಕ್ಕೆ ಇಲ್ಲದ ನೋವೂ ಇದ್ದ ನೋವೂ ಒಟ್ಟಿಗೆ ಓಡಿಹೋದವು.

ಹನ್ನೊಂದಕ್ಕೆ, ಮೆಡಿಕಲ್ ಸ್ಟೋರಿಗೆ ಹೋಗಿ ಬರ್ತೀನಿ ಅಂತ ಹೊರಟವನು ಆಟೋ ಹತ್ತಿ ಸೀದಾ ಬಸ್ ಸ್ಟ್ಯಾಂಡಿಗೆ ಹೋದ. ಎಲ್ಲಿಗಾದರೂ ಸರಿ, ಕತ್ತಲಾಗುವವರೆಗೆ ಅಲ್ಲಿರಬೇಕು. ಕುಣಿಗಲ್ ಬಸ್ಸು ಆಗಷ್ಟೇ ಬಂದು ನಿಂತಿತ್ತು. ಇಳಿಯುವವರನ್ನು ತಳ್ಳಿಕೊಂಡು ಹತ್ತಿದ. ಫುಟ್‌ಬೋರ್ಡಿನ ಮೇಲೆ ಒಂದು ಕೈ ಅವನ ತೋಳು ಹಿಡಿಯಿತು.

"ಭಾವ! ನನ್ನ ಕರ್ಕೊಂಡೋಗಕ್ಕೆ ನೀವೇ ಬಂದ್ಬಿಟ್ರಾ!"

ಉಮಾಳ ಕೊನೆಯ ತಮ್ಮ ಬಸವಪ್ರಭು. ಕೈಯಲ್ಲಿ ಗುಲಾಬಿ ಹಾರ. ಹಿಂದೆ ಹುಲಿಯೂರುದುರ್ಗದ ನೆಂಟರು ಹನ್ನೊಂದು ಜನ.

"ಅಕ್ಕ ಫೋನ್ ಮಾಡಿದ್ಲು. ಯಾರೂ ತಪ್ಪಿಸ್ಕೊಳ್ಳೋ ಹಂಗಿಲ್ಲ ಅಂದ್ಲು."

ಎರಡು ಗಂಟೆಗೆ ರಶೀದ್ ಬಾಡಿಗೆಗೆ ಗೊತ್ತುಮಾಡಿದ್ದ ಟೆಂಪೋ ಟ್ರಾವೆಲರ್ ಗುಬ್ಬಿ ಕಡೆ ಹೊರಟಿತು. ಷಡಕ್ಷರಿ ಕಿಟಕಿ ಪಕ್ಕ ಕೂತು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಪರದೆಯ ಮೇಲೆ ಯಾವುದೋ ದುಂಡು ಮುಖದ, ಬೆಳ್ಳಗಿನ ಮಗು ಬಂದೇ ಬರುತ್ತದೆ. ತಾನೋ ಹುಟ್ಟಿನಿಂದ ಕಡ್ಡಿ, ಕಪ್ಪು. ಹನ್ನೊಂದು ನೆಂಟರು ಒಟ್ಟಿಗೆ ತಿರುಗಿ ನೋಡುತ್ತಾರೆ. ಆಮೇಲೆ ಉಮಾ ನೋಡುತ್ತಾಳೆ. ಹಾಲ್ ಮುಂದೆ ಇಳಿಯುವಾಗ ಅವಳ ಸೆರಗು ಹಿಡಿದ.

"ಉಮಾ, ನಿಂಗೊಂದು ವಿಷಯ ಹೇಳ್ಬೇಕು. ತುಂಬಾ ಹಳೇದು."

"ಪಿಚ್ಚರ್ ಆದ್ಮೇಲೆ ಹೇಳೋರಂತೆ ಬನ್ನಿ."

"ಆದ್ಮೇಲೆ ಹೇಳಿ ಪ್ರಯೋಜನ ಇಲ್ಲ ಕಣೇ."

"ಹಂಗಾದ್ರೆ ಹೇಳ್ಲೇಬೇಡಿ" ಅಂತ ಅವಳು ಮೊದಲ ಸಾಲಿಗೆ ಎಳೆದುಕೊಂಡು ಹೋದಳು.

ದೀಪ ಆರಿತು. ಪರದೆಯ ಮೇಲೆ ಒಂದೇ ಥರದ ಕರಿ ಕೋಟು ತೊಟ್ಟ ಇಬ್ಬರು ಬಂದರು. ಒಬ್ಬ ಡಾಕ್ಟರು, ಇನ್ನೊಬ್ಬ ಪಿಟೀಲು ಮೇಷ್ಟ್ರು. ಡಾಕ್ಟರನ್ನು ಪ್ರೀತಿಸುವ ನಾಯಕಿ ಕಿಟಕಿಯಲ್ಲಿ ನಿಂತು ಪತ್ರ ಮಡಚಿ, "ಪುಟ್ಟಾ, ಇದನ್ನು ಅವರಿಗೆ ಕೊಡು" ಅಂದಳು.

ಷಡಕ್ಷರಿ ಕಣ್ಣು ಮುಚ್ಚಿದ. ಮನಸ್ಸಿನಲ್ಲೇ ಸಿದ್ಧಗಂಗೆಗೆ ಕಾಯಿ ಹರಕೆ ಹೊತ್ತ. ಹಾಲ್ ಗೊಳ್ಳೆಂದು ನಕ್ಕಿತು. ಮುಗಿಯಿತು ನನ್ನ ಕತೆ ಅಂದುಕೊಂಡು ಒಂದೇ ಕಣ್ಣು ತೆರೆದ.

ಮಗು ಬಂದಿತ್ತು. ಮೈತುಂಬ ಕೋತಿ ವೇಷ, ಮುಖಕ್ಕೆ ರಟ್ಟಿನ ಮುಖವಾಡ, ಹಿಂದೆ ಬಾಲ. ಓಡಿ ಬಂದು ಪತ್ರವನ್ನು ಪಿಟೀಲು ಮೇಷ್ಟ್ರ ಕೈಗಿಟ್ಟು, ಎರಡು ಲಾಗ ಹಾಕಿ ಮರೆಯಾಯಿತು. ಆಮೇಲೆ ಐದಾರು ಸಲ ಬಂತು. ಒಮ್ಮೆಯೂ ಮುಖವಾಡ ತೆಗೆಯಲಿಲ್ಲ.

"ಆ ನಡಿಗೆ ನೋಡ್ರೀ! ಇವತ್ತಿಗೂ ಸಾರ್ ನಡೆಯೋದು ಹಂಗೇ!" ಅಂತ ರಶೀದ್ ಕೂಗಿದ. ದುರ್ಗದವರು ಸೀಟಿ ಹೊಡೆದರು.

ಷಡಕ್ಷರಿಗೆ ಬೆಳಗಿನಿಂದ ಮೊದಲ ಸಲ ಪೂರ್ತಿ ಉಸಿರು ಬಂತು. ಪಿಚ್ಚರ್ ಮುಗಿದು, ಸಂಘಟಕ ಅಂಜಿನಪ್ಪ ಶಾಲು ಹೊದಿಸಿ ಮೈಕ್ ಕೊಟ್ಟಾಗ ಆ ಉಸಿರು ಮಾತಾಗಿ ಹೊರಟಿತು. ಒಂದು ನಿಮಿಷ ಮಾತಾಡಿ ಅಂದಿದ್ದರು. ಹನ್ನೆರಡು ನಿಮಿಷ ಮಾತಾಡಿದ.

"ಆ ಮುಖವಾಡದ ಒಳಗೆ ಏನ್ ಸೆಕೆ ಅಂತೀರಾ! ಆದ್ರೂ ನಾನು ಒಂದ್ಸಲಾನೂ ಅಳ್ಳಿಲ್ಲ. ಡೈರೆಕ್ಟ್ರು ಮೆಚ್ಕೊಂಡು ಕೈಯಾರೆ ಒಂದು ಬುಟ್ಟಿ ಲಾಡು ಕೊಟ್ರು."

ಚಪ್ಪಾಳೆ ಬಿತ್ತು. ಕೆಳಗಿಳಿದು ಬಂದು, ಸಂಸ್ಥಾನ ಗೆದ್ದವನ ಹಾಗೆ ಉಮಾಳ ಪಕ್ಕ ಕೂತ. ಅವಳು ಜಾರುತ್ತಿದ್ದ ಶಾಲು ಸರಿಮಾಡುತ್ತಾ ಅವನ ಕಿವಿಯ ಹತ್ತಿರ ಬಾಗಿದಳು.

"ಲಾಡು ಅಲ್ಲ ರೀ. ಕೊಬ್ಬರಿ ಮಿಠಾಯಿ. ಒಂದೇ ಒಂದು. ಅದ್ರಲ್ಲೂ ಇರುವೆ ಇತ್ತು."

ಷಡಕ್ಷರಿ ಗಕ್ಕನೆ ಅವಳ ಕಡೆ ತಿರುಗಿದ.

"ಶೂಟಿಂಗ್ ನಡೆದಿದ್ದು ನಮ್ಮ ದುರ್ಗದ ಬೆಟ್ಟದ್ ಕೆಳ್ಗೆ" ಅಂದಳು. "ಆರು ವರ್ಷ ನಂಗೆ. ಸೆಕೆಗೆ ಅಳೋದೇನು, ಮುಖವಾಡ ಒದ್ದೆಯಾಗೋ ಹಂಗೆ ಅತ್ತಿದ್ದೆ. ಪಿಚ್ಚರಲ್ಲಿ ಕುಣಿದೋಳು ಅಂದ್ರೆ ಗಂಡು ಸಿಗಲ್ಲ ಅಂತ ಅಪ್ಪ ಯಾರಿಗೂ ಹೇಳಕ್ಕೆ ಬಿಡ್ಲಿಲ್ಲ. ತಮ್ಮಂದಿರಿಗೂ ಗೊತ್ತಿಲ್ಲ."

"ಹಂಗಾದ್ರೆ ಅವತ್ತು... ನಾನು ಹೂಂ ಅಂದಾಗ..."

"ನನ್ ಮುಂದೇನೇ ನಾನಾಗಿ ಕೂತಿದ್ರಲ್ಲ, ನಗು ತಡ್ಕೊಳ್ಳೋದೇ ಕಷ್ಟ ಆಯ್ತು. ಇವತ್ತಾದ್ರೂ ಹೇಳ್ತಾರೆ, ನಾಳೆಯಾದ್ರೂ ಹೇಳ್ತಾರೆ ಅಂತ ನಲವತ್ತೊಂದ್ ವರ್ಷ ಕಾದೆ. ಇವತ್ತು ಬಾಗ್ಲಲ್ಲಿ ಹೇಳಕ್ ಬಂದ್ರಿ, ಅದು ನಿಜ. ಆದ್ರೆ ಮೇಲೆ ಹತ್ತಿದ್ಮೇಲೆ ಬುಟ್ಟಿ ಲಾಡು ತಿಂದ್ರಲ್ಲ, ಅದು ತಪ್ಪಾಯ್ತು."

ಅವಳು ನಗುತ್ತಿದ್ದಳೋ ಹಲ್ಲು ಕಡಿಯುತ್ತಿದ್ದಳೋ ಆ ಮಬ್ಬು ಬೆಳಕಿನಲ್ಲಿ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅಂಜಿನಪ್ಪ ಕೈ ಮುಗಿದುಕೊಂಡು ಬಂದ.

"ಸಾರ್, ಬರೋ ಭಾನುವಾರ ಕುಣಿಗಲ್‌ನಲ್ಲೂ ಶೋ ಇದೆ. ಜನ ಎಲ್ಲ ಒಂದೇ ಕೇಳ್ತಾವ್ರೆ. ಆ ಎರಡು ಲಾಗ ಒಂದ್ಸಲ ಸ್ಟೇಜ್ ಮೇಲೆ ಹಾಕಿ ತೋರ್ಸಕ್ಕಾಗುತ್ತಾ? ವಯಸ್ಸಾಗಿದೆ, ಬೇಡ ಅಂದ್ರೆ ಬೇಡ."

"ಬೇಡ" ಅನ್ನಲು ಷಡಕ್ಷರಿ ಬಾಯಿ ತೆರೆದ.

"ಅಯ್ಯೋ, ದಿನಾ ಬೆಳಿಗ್ಗೆ ಮನೇಲಿ ನಾಲ್ಕು ಹಾಕ್ತಾರೆ" ಅಂದಳು ಉಮಾಮಹೇಶ್ವರಿ. "ಬೋರ್ಡಲ್ಲಿ ಬರ್ಸಿ."