ಸೋತು ಬಂದ ಮೇಲೆ ಸಂಬಳ

ಗಲ್ಫಿನಲ್ಲಿರುವ ನಮ್ಮವರಿಗೆ ಯಾವ ಸಾಮಾನು ಕಂಡರೂ ದಿರ್ಹಮ್ಮಿನ ಬೆಲೆಯನ್ನು ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿ ನೋಡುವ ಚಟ. ಹಾಗೆ ತಿರುಗಿಸಿ, ಬೆಚ್ಚಿ, ಎಷ್ಟೋ ಅಂಗಡಿಗಳಿಂದ ಬರಿಗೈಯಲ್ಲಿ ಹೊರಬಂದವನು ನಾನು. ಆದರೂ ನನ್ನ ಹೆಂಡತಿ ಶಾಲಿನಿಯ ಮುಂದೆ ನಾನು ದುಂದುಗಾರ. ಅವಳು ಫೋನಿನೊಳಗಿನ ಆಟದ ನಾಣ್ಯಗಳಲ್ಲೂ ಹಿಡಿತದ ಕೈಯವಳು.

ಅದು ರಾಕ್ಷಸಮರಿಗಳನ್ನು ಹಿಡಿದು ಸಾಕುವ ಆಟ. ಖಾಲಿದಿಯಾ ಬಡಾವಣೆಯ ನಮ್ಮ ಬಿಲ್ಡಿಂಗಿನೆದುರು, ರಸ್ತೆಯಾಚೆಯ ಪಾರ್ಕಿನಲ್ಲಿ ಆಟದ ಒಂದು ಠಾಣೆಯಿದೆ. ಅಲ್ಲಿ ನಮ್ಮ ಮರಿಯನ್ನು ಕಾವಲಿಗೆ ನಿಲ್ಲಿಸಬೇಕು. ಆಗಾಗ ಹಣ್ಣು ತಿನ್ನಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ. ನಿಂತಷ್ಟೂ ಗಳಿಕೆ, ಆದರೆ ನಾಣ್ಯ ಕೈಗೆ ಬರುವುದು ಬೇರೆ ಆಟಗಾರರು ಯಾರಾದರೂ ಅದನ್ನು ಸೋಲಿಸಿ ಮನೆಗೆ ಅಟ್ಟಿದ ಮೇಲೆ.

"ಇದೆಂಥ ನ್ಯಾಯ?" ಎಂದೆ.

"ನಿಮ್ಮ ಗ್ರಾಚ್ಯುಟಿ ಮತ್ತೆಂಥದ್ದು ಮಾರಾಯ್ರೆ? ಕೆಲಸ ಬಿಟ್ಟು ಹೊರಟಾಗ ಅಲ್ವಾ ಕೊಡುವುದು?"

ಬಂದ ನಾಣ್ಯದಲ್ಲಿ ಬೇರೆಯವರು ಆಟದೊಳಗೆ ತಮ್ಮ ಬದಲು ಓಡಾಡುವ ಗೊಂಬೆಗೆ ಟೋಪಿ, ಕೋಟು ಕೊಳ್ಳುತ್ತಾರೆ. ಶಾಲಿನಿಯ ಗೊಂಬೆ ಮೊದಲ ದಿನದ ಅಂಗಿಯಲ್ಲೇ ಇದೆ. ಅವಳು ಕೊಳ್ಳುವುದು ಮರಿಗಳನ್ನಿಡಲು ಜಾಗ ಮಾತ್ರ, ಅದೂ ನಿಜವಾದ ರಿಯಾಯಿತಿ ಬಂದಾಗ. ಆಟದ ಹೊರಗೂ ಅಷ್ಟೇ, ದೂರದ ದೇರಾ ಪೇಟೆಯ ಸಗಟು ಅಂಗಡಿಯವರು ಅವಳನ್ನು ಕಂಡರೆ ಮೊದಲೇ ಕೊನೆಯ ಬೆಲೆ ಹೇಳಿಬಿಡುತ್ತಾರೆ.

ಕಳೆದ ಶನಿವಾರ ಸಂಜೆ ಇಬ್ಬರೂ ಆ ಪಾರ್ಕಿಗೆ ಹೊರಟೆವು. ಸಿಗ್ನಲ್ ಹಸಿರಾಯಿತು. ಶಾಲಿನಿ ಫೋನು ನೋಡುತ್ತಲೇ ರಸ್ತೆಗಿಳಿಯಲು ಕಾಲೆತ್ತಿದಳು. ಎತ್ತಿದ ಕಾಲು ಹಾಗೇ ನಿಂತಿತು. ಮರುಕ್ಷಣ, ಸಿಗ್ನಲ್ ಲೆಕ್ಕಿಸದ ಬೈಕೊಂದು ಅವಳ ದುಪಟ್ಟಾ ಸವರಿಕೊಂಡು ಹೋಯಿತು.

"ಬೈಕ್ ನೋಡಿ ನಿಂತೆಯಾ?" ಎಂದು ಆಮೇಲೆ ಕೇಳಿದೆ.

"ಯಾವ ಬೈಕ್? ಜಾಗ ಅರ್ಧ ಬೆಲೆಗೆ ಅಂತ ಬಂತು. ಲೆಕ್ಕ ಹಾಕಿದರೆ ಅರ್ಧ ಎಲ್ಲಿ ಉಂಟು? ಬೇಡ ಅಂತ ಒತ್ತಲಿಕ್ಕೆ ನಿಂತೆ."

ಈಗಲೂ ಕಣ್ಣು ಮುಚ್ಚಿದರೆ ಗಾಳಿಯಲ್ಲಿ ನಿಂತ ಆ ಕಾಲು ಕಾಣುತ್ತದೆ. ಅವಳು ಲೆಕ್ಕ ಹಾಕದೆ ಕೊಳ್ಳುವವಳಾಗಿದ್ದರೆ? ಮುಂದೆ ಯೋಚಿಸಲಾರೆ. ಆಟವನ್ನೇ ಅಳಿಸಿಬಿಡು ಎಂದೆ.

"ಇಷ್ಟು ದಿನ ಕೂಡಿಸಿದ್ದು ಬಿಡ್ಲಿಕ್ಕಾಗ್ತದಾ? ರಸ್ತೆ ದಾಟುವಾಗ ಫೋನು ಬ್ಯಾಗಿನೊಳಗೆ. ಖಲಾಸ್."

ಮಾತು ಉಳಿಸಿಕೊಂಡಿದ್ದಾಳೆ. ಆದರೂ ದಾಟುವಾಗ ನಾನು ಅವಳ ತೋಳು ಹಿಡಿಯುತ್ತೇನೆ. ಹಿಡಿಯುವುದು ನಾನು, ದಾಟಿಸುವುದು ಅವಳು.

ಮೊನ್ನೆ ಆ ಹೆದರಿಕೆಯಲ್ಲೇ, "ಸಾಕು ಈ ಕೆಲಸ, ಊರಿಗೆ ಹೋಗಿಬಿಡೋಣ" ಎಂದೆ. ಶಾಲಿನಿ ನನ್ನನ್ನೊಮ್ಮೆ ನೋಡಿ, ಫೋನಿನಲ್ಲಿ ಠಾಣೆಯ ಮರಿಗೆ ಹಣ್ಣು ತಿನ್ನಿಸಿದಳು. ಮರುದಿನದಿಂದ ನನ್ನ ಊಟದ ಡಬ್ಬಿಯ ಜೊತೆ ಒಂದು ಬಾಳೆಹಣ್ಣೂ ಇರುತ್ತದೆ.