ಶಾಲಿನ ಅಗ್ನಿಪರೀಕ್ಷೆ

ನಮ್ಮ ಕಾಕಾ ಬೀಡಿ ಸೇದುವವರಲ್ಲ. ಆದರೂ ಜೇಬಿನಲ್ಲಿ ಕಡ್ಡಿಪೆಟ್ಟಿಗೆ ಇಲ್ಲದೆ ಬಟ್ಟೆ ಅಂಗಡಿಯ ಮೆಟ್ಟಿಲು ಹತ್ತಿದವರೂ ಅಲ್ಲ! ಗೋಕಾಕದ ಅಂಗಡಿಕಾರರು ಅವರನ್ನು ಕಂಡೊಡನೆ ಮೊದಲು ನೀರಿನ ಕೊಡ ಎಲ್ಲಿದೆ ಎಂದು ನೋಡಿಕೊಳ್ಳುತ್ತಾರೆ. ಕಾರಣವಿಷ್ಟೇ. ಶಾಲಿನ ಅಂಚಿನಿಂದ ಒಂದು ಎಳೆ ಕಿತ್ತು ಸುಡದೆ ಕಾಕಾ ಯಾವ ಉಣ್ಣೆಯನ್ನೂ ನಂಬುವುದಿಲ್ಲ. ಕೂದಲು ಸುಟ್ಟ ವಾಸನೆ ಬಂದರೆ ಶುದ್ಧ, ಕರಗಿ ಗುಂಡಾದರೆ ಪ್ಲಾಸ್ಟಿಕ್ ನೂಲು ಬೆರೆಸಿದ ಮಿಕ್ಸ್.

ಮೂಡಲಗಿಯ ಮದುವೆಯಲ್ಲಿ ಬೀಗರು ಇವರಿಗೆ ಶಾಲು ಹೊದಿಸಿದರು. ಇವರು ಸುಮ್ಮನಿರಬೇಕೋ ಬೇಡವೋ? ವೇದಿಕೆಯ ಮೇಲೆಯೇ ಕಡ್ಡಿ ಗೀರಿದರು!

"ಬೀಗರ, ಇದು ಬರೇ ಪ್ಲಾಸ್ಟಿಕ್ ಐತ್ರಿ!"

ಅಂದಿನಿಂದ ಆ ಬೀಗರು ಕಾಕಾನಿಗೆ ತೆಂಗಿನಕಾಯಿ ಮಾತ್ರ ಕೊಡುತ್ತಾರೆ.

ಇಂಥವರ ಹೆಂಡತಿ ನಮ್ಮ ಕಾಕು. ಈ ಚಳಿಗಾಲದಲ್ಲಿ ಜ್ವರದಿಂದ ಎದ್ದ ಮೇಲೆ ಅವರ ನಡುಕ ಹೋಗಲೇ ಇಲ್ಲ. ಕಾಕಾ ಹಿಂದೆ ತಂದುಕೊಟ್ಟ ಶುದ್ಧ ಉಣ್ಣೆಯ ಶಾಲುಗಳು ಟ್ರಂಕಿನಲ್ಲಿ ಬೇವಿನ ಎಲೆಯ ಜೊತೆ ಬೆಚ್ಚಗೆ ಮಲಗಿದ್ದವು. ಕಾಕುವಿನ ಹೆಗಲ ಮೇಲೆ ಮಾತ್ರ ಹಳೆಯ ಟವೆಲ್!

"ಛಲೋ ಶಾಲು ಮನ್ಯಾಗ ಹೊಚ್ಕೊಂಡು ಹಾಳ ಮಾಡೂದೇನ್ರಿ? ಮದುವಿಗೆ ಹೋಗಾಕ ಬೇಕಾಕ್ಕಾವ."

ಹೊಸ ಶಾಲು ತರಲು ಕಾಕಾ ನನ್ನನ್ನು ಕರೆದುಕೊಂಡು ಬೆಲ್ಲದ ಬಾಗೇವಾಡಿಯಿಂದ ಗೋಕಾಕಕ್ಕೆ ಹೊರಟರು.

"ಮಿಕ್ಸ್ ತಗೋರಿ ಕಾಕಾ. ಹಗುರ ಐತಿ, ತುರಿಸೂದಿಲ್ಲ, ಮಷೀನಿಗೂ ಬಿಸಲಿಗೂ ಹಾಕಬಹುದು," ಎಂದ ಅಂಗಡಿಯವನು.

"ನೀರು ಹಾಕಿದ್ರ ಹಾಲೂ ಹಗುರ ಆಕ್ಕೈತಿ. ಅದಕ್ಕ ಛಲೋ ಹಾಲು ಅಂತಾರೇನು?"

ಶುದ್ಧ ಉಣ್ಣೆಯದೆಂದು ತೋರಿಸಿದ ಇನ್ನೊಂದು ಶಾಲಿನ ಎಳೆ ಕಿತ್ತು ಕಡ್ಡಿ ಗೀರಿಯೇಬಿಟ್ಟರು. ಕಟಿಂಗ್ ಅಂಗಡಿಗೆ ಬೆಂಕಿ ಬಿದ್ದಂಥ ವಾಸನೆ! ಕಾಕಾ ಕಣ್ಣು ಮುಚ್ಚಿ ಅದನ್ನು ಊದಿನಕಡ್ಡಿಯ ಹೊಗೆಯಂತೆ ಎಳೆದುಕೊಂಡರು. "ಖರೇ ಮಾಲು. ಕಟ್ರಿ!"

ಮನೆಗೆ ಬಂದಾಗ ಕಾಕು ಶಾಲನ್ನು ಮುಟ್ಟಿ ನೋಡಿದರು. "ಎಂಥಾದ್ರಿ ಇದು?"

ನಾನು ಹೊಗಳಲು ಬಾಯಿ ತೆರೆಯುವಷ್ಟರಲ್ಲಿ ಕಾಕಾ ನನ್ನ ಕಾಲು ತುಳಿದರು.

"ಮಿಕ್ಸ್ ಐತಿ. ಅಂಗಡ್ಯಾಂವ ಮೋಸ ಮಾಡಿದ."

ನಾನು ದಂಗಾದೆ. ಕಾಕಾನ ಜೀವಮಾನದ ಮೊದಲ ಕಲಬೆರಕೆ ಮಾತು ಅದು!

"ಹಂಗಾರ ದಿನಾ ಹೊಚ್ಕೊಳ್ಳಾಕ ಅಡ್ಡಿ ಇಲ್ಲ ಬಿಡ್ರಿ," ಎಂದು ಕಾಕು ಹೊದ್ದೇಬಿಟ್ಟರು.

ಮೊನ್ನೆ ಹೋದಾಗ ನೋಡುತ್ತೇನೆ, ತಮ್ಮ ಧೋತರವನ್ನೇ ಎಂದೂ ಒಗೆಯದ ಕಾಕಾ ನಳದ ಕೆಳಗೆ ಕುಳಿತು ತಣ್ಣೀರಿನಲ್ಲಿ ಆ ಶಾಲು ಒಗೆಯುತ್ತಿದ್ದಾರೆ! ಅಡುಗೆಮನೆಯಲ್ಲಿ ಕಾಕು ಮೆಲ್ಲಗೆ ಹೇಳಿದರು:

"ಮಿಕ್ಸ್ ಶಾಲು ಯಾರರ ಹಿಂಗ ಕೂಸಿಗೆ ಎರದಂಗ ಒಗಿತಾರೇನಪಾ? ನನಗ ಮೊದಲ ದಿನಾನ ತಿಳದೈತಿ."

"ಮತ್ತ ಟ್ರಂಕಿನ್ಯಾಗ ಯಾಕ ಇಡಲಿಲ್ಲ ಕಾಕು?"

"ಇಂಥಾ ಮನಶ್ಯಾ ನನ್ನ ಸಂಬಂಧ 'ಮೋಸ ಹೋದ್ನಿ' ಅಂತ ಒಪ್ಕೊಂಡಾರ. ಇನ್ನ ಇಟ್ರ ಹೆಂಗಪಾ?"

ಅಷ್ಟರಲ್ಲಿ ಹೊರಗಿನಿಂದ ಕಾಕಾನ ದನಿ:

"ಏ, ಇದನ್ನ ಎಲ್ಲಿ ಹಾಕ್ಲಿ?"

"ಮಿಕ್ಸ್ ಐತಲ್ಲರಿ, ಬಿಸಲಾಗ ಹಾಕ್ರಿ!" ಎಂದರು ಕಾಕು, ಸೆರಗಿನಲ್ಲಿ ನಗು ಮುಚ್ಚಿಕೊಂಡು.

ಕಾಕಾ ಅಂಗಳವನ್ನೆಲ್ಲ ಸುತ್ತಿ, ನೆರಳು ಹುಡುಕಿ ಹರವಿದರು.