ತಮಗೆ ಅನುಕೂಲವಾದಾಗ

ನಮ್ಮ ಭಾವನ ಮನೆಯಲ್ಲಿ ಹದಿನೇಳು ವ್ಯಾಕ್ಯೂಮ್ ಕ್ಲೀನರುಗಳಿವೆ. ಆ ಮನೆಯ ಕಸ ಗುಡಿಸುವುದು ಮಾತ್ರ ಪೊರಕೆಯಲ್ಲಿ!

ಉತ್ಪ್ರೇಕ್ಷೆ ಎನ್ನಬೇಡಿ. ಅನುಮಾನವಿದ್ದವರು ಬಂದು ನೋಡಬಹುದು. ದೆಹಲಿಯ ಧೂಳು ಎಂಥದ್ದೆಂದು ಇಲ್ಲಿ ಒಂದು ಬೇಸಿಗೆ ಕಳೆದವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಒಂದು ಆಂಧಿ, ಅಂದರೆ ಧೂಳಿನ ಬಿರುಗಾಳಿ, ಬೀಸಿತೆಂದರೆ ರಾಜಸ್ಥಾನದ ಅರ್ಧ ಮರಳು ವಸಂತ್ ಕುಂಜ್‌ನ ನಮ್ಮ ಬಾಲ್ಕನಿಗಳಲ್ಲಿ ಬಂದು ಕೂರುತ್ತದೆ. ಅಂಥ ಊರಿನಲ್ಲಿ, ಎರಡನೆಯ ಮಹಡಿಯ ಫ್ಲ್ಯಾಟಿನಲ್ಲಿ, ಗೋಡೆಯುದ್ದಕ್ಕೂ, ಮಂಚದ ಕೆಳಗೆ, ಅಡುಗೆಮನೆಯ ಸಜ್ಜದ ಮೇಲೆ, ಧೂಳು ಹೀರುವ, ನಮಗಿಂತ ಹಿರಿಯ ವಯಸ್ಸಿನ ಯಂತ್ರಗಳು ಠೀವಿಯಿಂದ ಕೂತಿರುತ್ತವೆ. ಒಂದು ಪುಟ್ಟ ರೈಲು ಎಂಜಿನ್ನಿನಂತೆ, ಇನ್ನೊಂದು ಇಡ್ಲಿ ಪಾತ್ರೆಯಂತೆ, ಮತ್ತೊಂದು ಹೊಟ್ಟೆಗೆ ಬಟ್ಟೆಯ ಚೀಲ ಕಟ್ಟಿಕೊಂಡು ನಿಂತ ಬಸುರಿಯಂತೆ. ಇವುಗಳ ನಡುವೆ ನನ್ನ ಅಕ್ಕ ಸೊಂಟ ಬಗ್ಗಿಸಿ ಪೊರಕೆ ಆಡಿಸುತ್ತಿರುತ್ತಾಳೆ.

ಒಮ್ಮೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ನಮ್ಮ ಕಡೆಯ ಹುಡುಗಿಯೊಬ್ಬಳು ಅವರ ಮನೆಗೆ ಊಟಕ್ಕೆ ಬಂದಿದ್ದಳು. ಚಕ್ಕುಲಿ ಮುರಿಯುವಾಗ ಪುಡಿಯೆಲ್ಲ ನೆಲಕ್ಕೆ ಬಿತ್ತು. ಪಾಪ, ಉಪಕಾರ ಮಾಡಲು ಹೋದಳು.

“ಅಂಕಲ್, ಇಷ್ಟೊಂದು ಇವೆಯಲ್ಲ, ಒಂದನ್ನ ಆನ್ ಮಾಡಿ. ನಾನೇ ಕ್ಲೀನ್ ಮಾಡ್ತೀನಿ.”

ಭಾವನ ಮುಖ ನೋಡಬೇಕಿತ್ತು! ದೇವರ ಬೆಳ್ಳಿ ತಟ್ಟೆಯಲ್ಲಿ ಮೆಣಸಿನಕಾಯಿ ಹುರಿಯಲು ಕೇಳಿದಂತಾಗಿತ್ತು. “ಬೇಡ, ದಯವಿಟ್ಟು ಬೇಡ,” ಎಂದರು. “ಒಳಗೆ ಧೂಳು ಹೋಗುತ್ತೆ.”

ಅಕ್ಕ ಅಡುಗೆಮನೆಯಿಂದಲೇ ಹೇಳಿದಳು: “ವ್ಯಾಕ್ಯೂಮ್ ಕ್ಲೀನರ್ ಕ್ಲೀನ್ ಮಾಡೋಕೆ ಇವರು ಇನ್ನೊಂದು ವ್ಯಾಕ್ಯೂಮ್ ಕ್ಲೀನರ್ ಹುಡುಕ್ತಿದ್ದಾರೆ ಕಣಮ್ಮ. ಅದು ಸಿಗೋವರೆಗೂ ನನ್ನ ಸೊಂಟ ಇದೆಯಲ್ಲ!”

ನಾನು ಅದೇ ಕಟ್ಟಡದ ನೆಲಮಹಡಿಯಲ್ಲಿದ್ದೇನೆ. ಆಸ್ಪತ್ರೆಯಲ್ಲಿ ಮೇಟ್ರನ್ ಆಗಿ ನಿವೃತ್ತಳಾದವಳು. ಇಂದಿಗೂ ಐದಕ್ಕೆ ಏಳುತ್ತೇನೆ, ಹಾಸಿಗೆಯ ಚಾದರದ ಮೂಲೆಗಳನ್ನು ಲಕೋಟೆಯಂತೆ ಮಡಚುತ್ತೇನೆ, ತನ್ನ ಕೆಲಸ ಮಾಡದ ವಸ್ತುವನ್ನು ಮನೆಯಿಂದ ಆಚೆ ಹಾಕುತ್ತೇನೆ. ನನ್ನಂಥವಳಿಗೆ ದೇವರು ಇಂಥ ಭಾವನನ್ನೇ ಕೊಡಬೇಕೇ?

ಭಾವ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದವರು. ಯಂತ್ರಗಳ ಹುಚ್ಚನ್ನಾದರೂ ಸಹಿಸಬಹುದು, ಅವರ ವಿನಯವನ್ನು ಸಹಿಸುವುದು ಕಷ್ಟ. ಅಕ್ಕನ ಮದುವೆಯಾದಾಗ ನಾನಿನ್ನೂ ಲಂಗ ತೊಡುತ್ತಿದ್ದ ಹುಡುಗಿ. ಅಂದಿನಿಂದ ಇಂದಿನವರೆಗೂ ನನ್ನನ್ನು ‘ನೀವು’ ಎಂದೇ ಮಾತನಾಡಿಸುತ್ತಾರೆ. ತರಕಾರಿ ಗಾಡಿಯ ಭಯ್ಯಾನ ಮುಂದೆ ನಿಂತು, “ತಮಗೆ ತೊಂದರೆಯಾಗದಿದ್ದರೆ ಅರ್ಧ ಕಿಲೋ ಬೆಂಡೆಕಾಯಿ,” ಎಂದು ಹಿಂದಿಯಲ್ಲಿ ಕೇಳುತ್ತಾರೆ. ಆ ಭಯ್ಯಾ ಮೊದಮೊದಲು, ಯಾರೋ ದೊಡ್ಡ ಮನುಷ್ಯರು ತನ್ನ ಬೆನ್ನ ಹಿಂದೆ ನಿಂತಿದ್ದಾರೆಂದು ತಿರುಗಿ ನೋಡುತ್ತಿದ್ದ!

ಯಂತ್ರಗಳನ್ನು ಸುಮ್ಮನೆ ಇಟ್ಟರೆ ಮೋಟಾರು ಕೆಡುತ್ತದಂತೆ. ಆದ್ದರಿಂದ ಭಾನುವಾರಗಳಲ್ಲಿ ಅವನ್ನು ಒಂದೊಂದಾಗಿ ಓಡಿಸಬೇಕು. ಸದ್ದೋ, ಹೇಳತೀರದು, ವಿಮಾನ ನಿಲ್ದಾಣ ಹತ್ತಿರವಿರುವ ನಮ್ಮ ಬಡಾವಣೆಯಲ್ಲೂ ಜನ ತಲೆಯೆತ್ತಿ ನೋಡುವಂಥದ್ದು. ಹಾಗಾಗಿ ಭಾವ ಮೊದಲು ಅಕ್ಕಪಕ್ಕದ ಮನೆಗಳ ಗಂಟೆ ಒತ್ತಿ ಅಪ್ಪಣೆ ಕೇಳುತ್ತಾರೆ. ಒಬ್ಬರ ಮನೆಯಲ್ಲಿ ಚಹಾ, ಇನ್ನೊಬ್ಬರ ಮನೆಯಲ್ಲಿ ಮೊಣಕಾಲು ನೋವಿನ ವಿಚಾರ. ಅಪ್ಪಣೆಯೆಲ್ಲ ಸಿಕ್ಕಿ ವಾಪಸು ಬರುವಷ್ಟರಲ್ಲಿ ಕರೆಂಟು ಹೋಗಿರುತ್ತದೆ.

ಇನ್ನು ಅವರ ಪತ್ರಗಳು. ಪ್ರಪಂಚದಲ್ಲಿ ಹಳೆಯ ವ್ಯಾಕ್ಯೂಮ್ ಕ್ಲೀನರ್ ಕೂಡಿಡುವವರು ಇನ್ನೂ ಇದ್ದಾರೆಂದು ನನಗೆ ಗೊತ್ತಾದದ್ದೇ ಈ ಪತ್ರಗಳಿಂದ. ಎಲ್ಲರೂ ಅಪರಿಚಿತರು. ಭಾವ ಎರಡು ಪುಟ ಬರೆದರೆ ಅದರಲ್ಲಿ ಪ್ರಶ್ನೆ ಒಂದೇ ಸಾಲು, ಮಿಕ್ಕಿದ್ದೆಲ್ಲ ಕ್ಷಮಾಪಣೆ. ಒಮ್ಮೆ ಯಾವನೋ ಸಿಡುಕ, ‘ದಯವಿಟ್ಟು ಇನ್ನು ಬರೆಯಬೇಡಿ’ ಎಂದು ಒಂದೇ ಸಾಲು ಬರೆದ. ಇಷ್ಟು ಬೇಗ ಉತ್ತರಿಸಿದ್ದಕ್ಕೆ ಭಾವ ಧನ್ಯವಾದ ಹೇಳಿ, ಆತನ ಸಮಯ ತೆಗೆದುಕೊಂಡಿದ್ದಕ್ಕೆ ಕ್ಷಮೆ ಕೋರಿದರು. ಆತ ನಾಚಿ ಕ್ಷಮೆ ಕೇಳಿದ. ಇವರು ಅದಕ್ಕೂ ಕ್ಷಮೆ ಕೇಳಿದರು. ಈಗ ದೀಪಾವಳಿಗೆ ಇಬ್ಬರೂ ಶುಭಾಶಯ ಕಳಿಸಿಕೊಳ್ಳುತ್ತಾರೆ!

ನಾವೆಲ್ಲ ನಗುತ್ತಿದ್ದೆವು. ನಗುವುದು ಸುಲಭ. ಭಾವ ತಮ್ಮ ಯಂತ್ರಗಳ ಬಗ್ಗೆ ಬಾಯಿ ತೆರೆದಾಗಲೆಲ್ಲ ಅಕ್ಕನಿಗೆ ಒಲೆಯ ಮೇಲಿನ ಹಾಲು ನೆನಪಾಗುತ್ತಿತ್ತು, ನನಗೆ ವಾಕಿಂಗ್ ನೆನಪಾಗುತ್ತಿತ್ತು. ಅವರ ಮಾತನ್ನು ಪೂರ್ತಿ ಕೇಳುವವರೆಲ್ಲ ಸಮುದ್ರದಾಚೆ ಇದ್ದರು.

ಹಾಗೆಂದುಕೊಂಡಿದ್ದಾಗಲೇ ಇಂಗ್ಲೆಂಡಿನ ಒಬ್ಬ ನಿವೃತ್ತ ಪಾದ್ರಿ, ಅವರೂ ಇದೇ ಜಾತಿಯವರು, ಭಾವನಿಗೆ ಬರೆದರು: ‘ನಿಮ್ಮ ಸೀಮೆಯಲ್ಲೇ, ಗ್ರೇಟರ್ ನೋಯ್ಡಾ ಎಂಬಲ್ಲಿ, ನಮ್ಮ ಇನ್ನೊಬ್ಬ ಮಿತ್ರರಿದ್ದಾರೆ. ನಿಮಗೆ ಗೊತ್ತಿರಬಹುದು.’

ಭಾವ ಆ ದಿನ ಊಟ ಸರಿಯಾಗಿ ಮಾಡಲಿಲ್ಲ. ಗ್ರೇಟರ್ ನೋಯ್ಡಾ! ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಆ ಮಿತ್ರರು ಮಾನೇಸರ್‌ನ ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿದ್ದು ನಿವೃತ್ತರಾದ ಎಂಜಿನಿಯರ್. ಅವರ ಬಳಿ, ಭಾವ ಹಳೆ ಸಾಮಾನಿನ ಕಬಾಡಿಯವನಿಂದ ಮೊಟ್ಟಮೊದಲು ತಂದ ಆ ರೈಲು ಎಂಜಿನ್ನಿನಂಥ ಯಂತ್ರದ ಅವಳಿಯೇ ಇತ್ತು. ಅಷ್ಟೇ ಅಲ್ಲ, ಭಾವನ ಯಂತ್ರಕ್ಕೆ ಮೊದಲಿನಿಂದಲೂ ಇಲ್ಲದ ಬಟ್ಟೆ ಹೊದಿಸಿದ ಕೊಳವೆ ಅವರಲ್ಲಿ ಎರಡಿದ್ದವು. ‘ಒಂದು ತಮ್ಮದೇ ಎಂದು ತಿಳಿಯಿರಿ,’ ಎಂದು ಭಾವನ ಮೊದಲ ಪತ್ರಕ್ಕೇ ಉತ್ತರ ಬರೆದಿದ್ದರು. ‘ಮಡಚಿ ಅಂಚೆಯಲ್ಲಿ ಕಳಿಸಿದರೆ ಒಳಗಿನ ರಬ್ಬರು ಬಿರಿಯುತ್ತದೆ. ಎಂದಾದರೂ, ತಮಗೆ ಅನುಕೂಲವಾದಾಗ, ಕೈಯಿಂದ ಕೈಗೆ ಕೊಡುವ ಭಾಗ್ಯ ನನಗಿರಲಿ.’

ಭಾವ ಉತ್ತರಿಸಿದರು: ‘ಅವಸರವಿಲ್ಲ. ತಮಗೆ ಅನುಕೂಲವಾದಾಗ.’

ಆಮೇಲೆ ಎರಡು ವರ್ಷ ಇದೇ ನಡೆಯಿತೆಂದರೆ ನಂಬುತ್ತೀರಾ? ಇ-ಮೇಲ್ ಒರಟು ಎಂದು ಇಬ್ಬರಿಗೂ ಅನ್ನಿಸಿ ಪತ್ರಗಳು ಅಂಚೆಯಲ್ಲೇ ಓಡಾಡಿದವು. ಮೋಟಾರಿನ ವಿಚಾರ, ಚೀಲದ ಹೊಲಿಗೆಯ ವಿಚಾರ, ಇಬ್ಬರ ಹೆಂಡತಿಯರ ಸಹನೆಯ ವಿಚಾರ ಎಲ್ಲ ಬಂತು. ಅವರ ಪತ್ರ ಬಂದ ದಿನ ಭಾವ ಬಾಲ್ಕನಿಯಲ್ಲಿ ಕೂತು ಒಬ್ಬರೇ ನಗುವುದು ಕೆಳಗೆ ನನಗೆ ಕೇಳಿಸುತ್ತಿತ್ತು. ಆದರೆ ಇಬ್ಬರಲ್ಲಿ ಒಬ್ಬರೂ ಅಲ್ಲಾಡಲಿಲ್ಲ!

“ಭಾವ, ಒಂದು ಫೋನ್ ಮಾಡಿ,” ಎಂದೆ ನಾನು.

“ಫೋನ್ ಅಂದ್ರೆ ಅವರು ಮಾಡ್ತಿರೋ ಕೆಲಸ ಬಿಟ್ಟು ಎದ್ದು ಬರಬೇಕಲ್ಲ.”

“ಮೊಬೈಲ್ ಜೇಬಲ್ಲೇ ಇರುತ್ತೆ!”

“ಜೇಬಿಗೆ ಕೈ ಹಾಕಬೇಕಲ್ಲ.”

“ಹಾಗಾದ್ರೆ ನೇರವಾಗಿ ಹೋಗಿಬಿಡಿ.”

“ಅವರು ಇಂಥ ದಿನ ಬನ್ನಿ ಅಂತ ಕರೆದಿಲ್ಲ.”

“ಬರಲೇ ಅಂತ ನೀವು ಕೇಳಿದ್ದೀರಾ?”

“ಕೇಳಿದ್ರೆ ಬೇಡ ಅನ್ನೋಕಾಗದೆ ಕರೀಬೇಕಾಗುತ್ತೆ, ಪಾಪ.”

ಅಕ್ಕ ಕೈ ಮುಗಿದಳು. “ಬಿಡೇ, ಇವರು ನನ್ನನ್ನ ಮದುವೆಯಾಗಿದ್ದು ಹೆಂಗೆ ಗೊತ್ತಾ? ನಮ್ಮಪ್ಪ ಛತ್ರ ಬುಕ್ ಮಾಡಿ ಆಮೇಲೆ ಇವರಿಗೆ ಹೇಳಿದ್ದು!”

ಕಳೆದ ಚಳಿಗಾಲದಲ್ಲಿ ಆ ಕಡೆಯಿಂದ ಪತ್ರಗಳು ನಿಂತವು.

ಬೇರೆ ಯಾರಾದರೂ ಆಗಿದ್ದರೆ ಏನಾಯಿತೋ ಎಂದು ವಿಚಾರಿಸುತ್ತಿದ್ದರು. ಭಾವ, ತಾವೇ ಏನೋ ತಪ್ಪು ಬರೆದಿರಬೇಕೆಂದು ತೀರ್ಮಾನಿಸಿದರು. ಹಿಂದಿನ ಪತ್ರದಲ್ಲಿ ಅವರ ಯಂತ್ರದ ಬಣ್ಣ ‘ಸ್ವಲ್ಪ ಮಾಸಿದೆಯೇನೋ’ ಎಂದು ಬರೆದಿದ್ದರಂತೆ, ಅದೇ ಚುಚ್ಚಿರಬೇಕು! ಒಂದು ಕ್ಷಮಾಪಣೆ ಹೋಯಿತು. ಉತ್ತರವಿಲ್ಲ. ಆ ಕ್ಷಮಾಪಣೆಯಿಂದ ಬೇಸರವಾಗಿದ್ದರೆ ಎಂದು ಇನ್ನೊಂದು ಹೋಯಿತು. ಹೋಳಿ ಕಳೆಯಿತು, ಸೆಕೆ ಹತ್ತಿತು. ಭಾನುವಾರ ಕರೆಂಟು ಇದ್ದರೂ ಮೇಲಿನ ಮನೆಯಿಂದ ಸದ್ದಿಲ್ಲ. ಒಂದು ಬೆಳಿಗ್ಗೆ ಮೇಲೆ ಹೋಗಿ ನೋಡಿದರೆ ಭಾವ ಆ ಕೊಳವೆಯಿಲ್ಲದ ಯಂತ್ರದ ಮುಂದೆ ಒರೆಸುವ ಬಟ್ಟೆ ಹಿಡಿದು ಕೂತಿದ್ದಾರೆ. ಒರೆಸುತ್ತಿಲ್ಲ.

“ಭಾವ, ಭಾನುವಾರ ಬೆಳಿಗ್ಗೆ ತಯಾರಾಗಿರಿ. ಕಾರು ನಾನು ಓಡಿಸ್ತೀನಿ,” ಎಂದೆ.

“ಮೊದಲೇ ತಿಳಿಸದೆ...”

“ತಿಳಿಸೋದಿಲ್ಲ.”

ವಾರ್ಡಿನಲ್ಲಿ ಔಷಧಿ ಬೇಡವೆಂದು ಮುಖ ತಿರುಗಿಸುವ ರೋಗಿಗಳಿಗೆ ಬಳಸುತ್ತಿದ್ದ ದನಿ ಅದು. ಭಾವ ಒರೆಸುವ ಬಟ್ಟೆಯನ್ನು ಮಡಚಿಟ್ಟರು.

ಭಾನುವಾರ ಅಕ್ಕ ಒಂದು ಡಬ್ಬಿ ಕೋಡುಬಳೆ ಕೊಟ್ಟು ಕಳಿಸಿದಳು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಯಂತ್ರವನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದರು. ತಾವು ಹಾಕಿಕೊಳ್ಳಲು ಮರೆತರು. ಎಕ್ಸ್‌ಪ್ರೆಸ್ ವೇ ಉದ್ದಕ್ಕೂ ಅವರದು ಒಂದೇ ಚಿಂತೆ: “ಅವರು ಮಲಗಿದ್ರೆ? ಪೂಜೆಗೆ ಕೂತಿದ್ರೆ? ನೆಂಟರು ಬಂದಿದ್ರೆ?” ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲಿನವನು, “ಕಿಸ್ ಸೇ ಮಿಲನಾ ಹೈ?” ಎಂದು ಕೇಳಿದರೆ, ಇವರು ಹೆಸರು ಹೇಳಿ, “ಆದರೆ ಅವರು ಬಿಡುವಾಗಿದ್ದರೆ ಮಾತ್ರ,” ಎಂದು ಸೇರಿಸಿದರು. ಯಂತ್ರವನ್ನು ನೋಡಿ ಕಾವಲಿನವನು ನಮ್ಮನ್ನು ರಿಪೇರಿಯವರೆಂದುಕೊಂಡು ಸರ್ವೀಸ್ ಲಿಫ್ಟಿನ ಕಡೆ ಕೈ ತೋರಿಸಿದ. ಭಾವ ಅವನಿಗೆ ಧನ್ಯವಾದ ಹೇಳಿ ಅದರಲ್ಲೇ ಹತ್ತಿದರು. ನಾನೂ ಹತ್ತಿದೆ, ಬೇರೆ ದಾರಿಯಿರಲಿಲ್ಲ.

ಬಾಗಿಲು ತೆರೆದವರು ಎಂಜಿನಿಯರರ ಹೆಂಡತಿ, ನಮ್ಮ ವಯಸ್ಸಿನ ಪಂಜಾಬಿ ಹೆಂಗಸು. ಭಾವ ತಮ್ಮ ಹೆಸರು ಹೇಳುವ ಮೊದಲೇ ಅವರ ಕಣ್ಣು ಯಂತ್ರದ ಮೇಲೆ ಬಿತ್ತು.

“ವಸಂತ್ ಕುಂಜ್‌ವಾಲೇ ಪ್ರೊಫೆಸರ್ ಸಾಹೇಬ್?” ಎಂದರು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಒಳಗೆ ಕಿಟಕಿಯ ಪಕ್ಕ ಗಾಲಿಕುರ್ಚಿಯಲ್ಲಿ ಅವರು ಕೂತಿದ್ದರು. ಎತ್ತರದ ಆಳು. ಬಲಗೈ ತೊಡೆಯ ಮೇಲೆ ಯಾರೋ ಇಟ್ಟು ಹೋದಂತೆ ಬಿದ್ದಿತ್ತು, ಬಾಯಿ ಒಂದು ಕಡೆಗೆ ಜಾರಿತ್ತು. ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಚಳಿಗಾಲದಲ್ಲಿ ಪಾರ್ಶ್ವವಾಯು ಹೊಡೆದಿತ್ತು. ಮಾತು ಪೂರ್ತಿ ಹೋಗಿತ್ತು, ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು.

“ನಿಮ್ಮ ಪತ್ರಗಳನ್ನ ನಾನೇ ಓದಿ ಹೇಳಿದೆ, ಭಾಯಿ ಸಾಹೇಬ್,” ಎಂದು ಹಿಂದಿಯಲ್ಲಿ ಹೇಳಿದರು ಆಕೆ. “ಫೋನ್ ಮಾಡಿ ತಿಳಿಸಲಾ ಅಂದ್ರೆ ತಲೆ ಅಲ್ಲಾಡಿಸಿಬಿಡ್ತಾರೆ. ನಿಮಗೆ ತೊಂದರೆ ಆಗುತ್ತಂತೆ. ಬಾಯಲ್ಲಿ ಮಾತಿದ್ದಾಗಲೂ ಇದೇ ರಾಗ. ಪ್ರತಿ ಭಾನುವಾರ ಆ ಪೈಪ್ ಒರೆಸಿ ಮೇಜಿನ ಮೇಲಿಡೋರು, ಇವತ್ತು ಬರಬಹುದು ಅಂತ. ಕರೀರಿ ಅಂದ್ರೆ, ಅವರು ಪ್ರೊಫೆಸರ್, ನೂರು ಕೆಲಸ ಇರುತ್ತೆ, ಒತ್ತಾಯ ಮಾಡಬಾರದು ಅನ್ನೋರು.”

ಭಾವನಿಗೆ ಯಾವ ಕೆಲಸವೂ ಇರಲಿಲ್ಲ. ಎರಡು ವರ್ಷದಲ್ಲಿ ಎಷ್ಟು ಭಾನುವಾರಗಳು ಬಂದು ಹೋದವು! ಆ ಭಾನುವಾರಗಳಲ್ಲಿ ಭಾವನೂ ವಸಂತ್ ಕುಂಜ್‌ನಲ್ಲಿ ಸ್ನಾನ ಮಾಡಿ, ಒಳ್ಳೆಯ ಅಂಗಿ ತೊಟ್ಟು, ಹೋದ ಕರೆಂಟಿಗೆ ಕಾಯುತ್ತ ಸುಮ್ಮನೆ ಕೂತಿದ್ದರು.

ಆಕೆ ಕೊಳವೆ ತಂದುಕೊಟ್ಟರು. ಭಾವ ನೆಲದ ಮೇಲೆ ಕೂತು ಅದನ್ನು ಯಂತ್ರಕ್ಕೆ ಸಿಕ್ಕಿಸಿ, ಸ್ವಿಚ್ ಒತ್ತಿದರು. ಅಬ್ಬಾ ಆ ಸದ್ದೇ! ಎಂಜಿನಿಯರ್ ಎಡಗೈ ಚಾಚಿದರು. ಭಾವ ಯಂತ್ರವನ್ನು ಎತ್ತಿ ಅವರ ಮಡಿಲಿಗೆ ಆನಿಸಿ ಹಿಡಿದರು. ಆ ಕೈ ಅದರ ಬೆನ್ನ ಮೇಲೆ, ನಡುಗುವ ತಗಡಿನ ಮೇಲೆ ಬಹಳ ಹೊತ್ತು ಇತ್ತು. ಯಾರೂ ಮಾತಾಡುವ ಅಗತ್ಯವಿರಲಿಲ್ಲ, ಆಡಿದ್ದರೂ ಕೇಳಿಸುತ್ತಿರಲಿಲ್ಲ.

ಸದ್ದು ನಿಂತ ಮೇಲೆ ಕೋಣೆ ತೀರಾ ಖಾಲಿಯೆನ್ನಿಸಿತು. ಚಹಾ ಬಂತು, ಕೋಡುಬಳೆ ತೆರೆದೆವು. ಹೊರಡುವ ಹೊತ್ತಿಗೆ ಭಾವ ಇದ್ದಕ್ಕಿದ್ದಂತೆ ಕೇಳಿದರು:

“ಭಾಭೀಜಿ, ಇವರ ದನಿ ಹೇಗಿತ್ತು?”

ನಾನು ನಾಲಿಗೆ ಕಚ್ಚಿಕೊಂಡೆ. ಜೀವಮಾನದಲ್ಲಿ ಒಬ್ಬರ ಮನಸ್ಸನ್ನೂ ನೋಯಿಸದ ಮನುಷ್ಯ, ಕೇಳಿ ಕೇಳಿ ಇಂಥ ಪ್ರಶ್ನೆಯನ್ನು, ಅದೂ ಅವರ ಎದುರಿಗೇ!

ಆಕೆ ಗಂಡನ ಮುಖ ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಗಂಟಲನ್ನು ದಪ್ಪಗೆ ಮಾಡಿಕೊಂಡು, ದೂರದ ಕೋಣೆಯಿಂದ ಕೂಗುವವರಂತೆ ಕೂಗಿದರು: “ಅರೀ, ಸುನತೀ ಹೋ? ಚಾಯ್ ಮಿಲೇಗೀ, ಯಾ ಅರ್ಜಿ ಲಿಖೂಂ?” ಚಹಾ ಸಿಗುತ್ತೋ, ಇಲ್ಲ ಅರ್ಜಿ ಬರೆಯಲೋ ಎಂದು!

ಗಾಲಿಕುರ್ಚಿಯಲ್ಲಿದ್ದವರ ಅರ್ಧ ಮುಖ ನಕ್ಕಿತು. ಭುಜ ಕುಣಿಯಿತು, ಕಣ್ಣಿನಿಂದ ನೀರಿಳಿಯಿತು.

ಭಾವ ಎದ್ದು ನಿಂತರು. ಅಂಗಿಯ ಮಡಿಕೆ ಸರಿಮಾಡಿಕೊಂಡು, ಅವರ ಕಡೆ ತಿರುಗಿ, ಆಗ ತಾನೇ ಪರಿಚಯವಾದವರಂತೆ ಎರಡೂ ಕೈ ಜೋಡಿಸಿ, “ನಮಸ್ಕಾರ್ ಜೀ,” ಎಂದರು.